ಐವತ್ತೈದನೆಯ ಚೀಟಿ

ನನ್ನ ಗಂಡ ಎಲಿಹಿಯೊ ಚೀಟಿ ಕೂಗುವವನು.
ಅಲ್ವಾರಾದೊ ಬಂದರಿನಲ್ಲಿ, ಮೀನು ಹರಾಜು ಮುಗಿದ ಮೇಲೆ,
ಐಸು ಕರಗಿ ಒದ್ದೆಯಾದ ಕಟ್ಟೆಗೆ ಬೆಂಚು ಎಳೆದು
ಶನಿವಾರ ರಾತ್ರಿ ಲೊತೆರಿಯಾ ಆಟ.
ಐವತ್ತನಾಲ್ಕು ಚಿತ್ರ. ಹುಂಜ, ಛತ್ರಿ, ಕಲ್ಲಂಗಡಿ,
ಚಂದ್ರ, ಜೇಡ, ಗುಲಾಬಿ.
ಒಂದೊಂದಕ್ಕೂ ಅವನದೇ ಒಂದು ಒಗಟು:
‘ಕರೆಯದೆ ಬಂತು, ಬಾಡಿಗೆ ಕೊಡದೆ
ಮೂಲೆಯಲ್ಲೇ ಮಗ್ಗ ಹೂಡಿತು’ ಅಂದರೆ
ಜೇಡದ ಮೇಲೆ ಒಂದು ಕಾಳು ಇಡುತ್ತೇವೆ ನಾವು.

ಆ ಶನಿವಾರ ಅವನು ಗುಲಾಬಿಯನ್ನು ಸೂರ್ಯ ಅಂದ.
ತಮಾಷೆಯೆಂದು ಜನ ನಕ್ಕರು. ಅವನೂ ನಕ್ಕ.
ಚೀಟಿ ಮಾತ್ರ ಮೂಗಿಗೆ ತಾಗುವಷ್ಟು ಹತ್ತಿರ,
ಮೀನು ಕೆಟ್ಟಿದೆಯೇ ಎಂದು ಮೂಸುವವನ ಹಾಗೆ.
ನನಗೆ ನಗು ಬರಲಿಲ್ಲ.
ಹನ್ನೊಂದು ವರ್ಷದಿಂದ ಇಬ್ಬರಿಗೂ ಸಕ್ಕರೆ ಕಾಯಿಲೆ,
ಒಂದೇ ಡಬ್ಬಿಯ ಮಾತ್ರೆ, ಒಂದೇ ಹೂಜಿಯ ನೀರು.

ಬುಧವಾರ ಕಣ್ಣಿನ ವ್ಯಾನು ಬಂತು.
‘ಕೆಟ್ಟಿರೋದು ನನ್ನ ಕಣ್ಣಲ್ಲ, ಕಟ್ಟೆಯ ದೀಪ’ ಅಂದ.
ದೀಪ ಹೊಸದು. ಹಾಕಿಸಿದ್ದು ಅವನೇ.
ಅಂಗಿ ಹಿಡಿದು ಎಳೆದುಕೊಂಡೇ ಹೋದೆ.

ಒಳಗೆ ಎಳೆಯ ಡಾಕ್ಟರು, ನೊಯೆಮಿ ಅಂತ.
‘ಅಮ್ಮಾ, ನೀವೂ ಕೂತ್ಕೊಳ್ಳಿ.’
ನನಗೇನಾಗಿದೆ?
ಸೂಜಿಗೆ ದಾರ ಈಗಲೂ ನಾನೇ ಪೋಣಿಸುತ್ತೇನೆ.
ನದಿಯಾಚೆಯ ದೋಣಿಯ ಹೆಸರು ಓದುತ್ತೇನೆ,
ಅದರ ಮೇಲೆ ಕೂತ ಕೊಕ್ಕರೆಯ ಕಾಲು ಒಂದೋ ಎರಡೋ
ಅದನ್ನೂ ಹೇಳುತ್ತೇನೆ.
ಅವಳು ವಾದಿಸಲಿಲ್ಲ. ರೆಪ್ಪೆ ಎಳೆದು ಹನಿ ಬಿಟ್ಟಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ,
ಹಾಗೆ ಕಾದೆವು, ಅಕ್ಕಪಕ್ಕ, ಮುದಿ ಗೂಬೆಗಳು.
ಪಾಪೆ ಅರಳಿ ಬೀದಿಯೆಲ್ಲ ಬಿಳಿ ಬೆಂಕಿ.
ನನ್ನ ಅಂಗೈಯ ಗೆರೆಗಳೇ ನನಗೆ
ಜೋಳದ ಹಿಟ್ಟು ಮೆತ್ತಿದ ಹಾಗೆ.
ಆಮೇಲೆ ಗಲ್ಲ ಇಡಿ, ಹಸಿರು ಚುಕ್ಕಿ ನೋಡಿ,
ಫಳ್.

ಪರದೆಯ ಮೇಲೆ ಮೊದಲು ಅವನ ಕಣ್ಣು:
ಮಂಜು ಕವಿದ ಬಂದರು.
‘ಪೊರೆ’ ಅಂದಳು. ‘ಹಿಂದಿನದು ಕಂಡಷ್ಟು ಮಟ್ಟಿಗೆ ಸರಿಯಿದೆ.
ಪೊರೆ ತೆಗೆಸಿ, ಗುಲಾಬಿ ಗುಲಾಬಿಯೇ ಆಗುತ್ತೆ.’

ಆಮೇಲೆ ನನ್ನದು.
ಕಿತ್ತಳೆ ಬಣ್ಣದ ಒಂದು ದುಂಡು,
ಕೆಂಪು ಬೇರುಗಳು ಕವಲೊಡೆದು,
ಬೇರಿನ ಗುಂಟ ಸಾಸಿವೆಯಷ್ಟು ರಕ್ತ, ಅಲ್ಲೊಂದು ಇಲ್ಲೊಂದು,
ಮತ್ತೆ ಹಳದಿ ಕಲೆ,
ಸೋರುವ ಹಂಚಿನ ಕೆಳಗೆ ಗೋಡೆಯಲ್ಲಿ ಮೂಡುವಂಥದು.
ಚಂದವಿತ್ತು, ಸುಳ್ಳು ಯಾಕೆ ಹೇಳಲಿ.
ನನ್ನನ್ನು ಕೇಳದೆ ಯಾರೋ ನನ್ನೊಳಗೆ
ಒಂದು ಚೀಟಿ ಬರೆದಿಟ್ಟಿದ್ದರು.

‘ನನಗೆ ಕಾಣುತ್ತಲ್ಲ!’ ಅಂದೆ. ಎರಡು ಸಲ ಅಂದೆ.
‘ಕಾಣುವಾಗಲೇ ಬಂದ್ರಿ’ ಅಂದಳು ನೊಯೆಮಿ.
‘ಕಾಣದ ಮೇಲೆ ಬರುವವರಿಗೆ ಹೇಳೋಕೆ
ನನ್ನ ಹತ್ತಿರ ಇಷ್ಟು ಮಾತು ಇರೋದಿಲ್ಲ.’

ಮನೆಗೆ ಬರುವಾಗ ಯಾರು ಯಾರ ಅಂಗಿ ಹಿಡಿದಿದ್ದೆವೋ.

ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋದೆ.
ಕತ್ತಲ ಕೋಣೆಯಲ್ಲಿ ಹಸಿರು ಮಿಂಚು, ಎಣಿಸುತ್ತ ಎಣಿಸುತ್ತ
ನೂರರ ಆಚೆ ಲೆಕ್ಕ ತಪ್ಪಿತು.
ಹೋದದ್ದನ್ನು ಇದು ತರುವುದಿಲ್ಲವಂತೆ,
ಇರುವುದಕ್ಕೆ ಬೇಲಿಯಂತೆ.
ಬೇಲಿಯ ಒಳಗಿನ ಕೆಲಸ ನನ್ನದು:
ಮಾತ್ರೆ, ರಕ್ತದ ಒತ್ತಡ, ಊಟದ ಜೊತೆಗಿನ ಆ ಕರಿ ಸೋಡಾ.
ಸೋಡಾ ಬಿಡುವುದು ಗಂಡನನ್ನು ಬಿಟ್ಟಂತೆಯೇ ಆಯಿತು.
(ಒಮ್ಮೆ ಕದ್ದು ಕುಡಿದೆ. ರುಚಿಯಾಗಿತ್ತು.)
ಬೆಳಗಿನ ಸಕ್ಕರೆ ಹೇಳಿದಷ್ಟರೊಳಗೆ ಬಂದ ದಿನ
ಹಳೆಯ ಆಟದ ಹಲಗೆಯ ಮೇಲೆ ಒಂದು ಕಾಳು.
ಸಾಲು ಇನ್ನೂ ತುಂಬಿಲ್ಲ.

ಪೊರೆ ತೆಗೆಸಿಕೊಂಡ ಎಲಿಹಿಯೊ
ನನ್ನ ಮುಖದ ಸುಕ್ಕು ನೋಡಿ ಗಾಬರಿಯಾದ,
ಆಮೇಲೆ ಕಟ್ಟೆಗೆ ಹೋದ.
ಐವತ್ತನಾಲ್ಕೂ ಮುಗಿದವು. ಖಾಲಿ ಕೈ ಎತ್ತಿ ಕೂಗಿದ:
‘ಎಲ್ಲವನ್ನೂ ಕಂಡಿತು,
ತನ್ನ ಬೆನ್ನ ಹಿಂದಿನ ಕಳ್ಳನನ್ನು ಕಾಣಲಿಲ್ಲ!’
ಜನ ಹಲಗೆಯ ಮೇಲೆಲ್ಲ ಹುಡುಕಿದರು.
ಆ ಚಿತ್ರ ಯಾರ ಹತ್ತಿರವೂ ಇಲ್ಲ.

ನಾನು ಕಾಳನ್ನು ಮುಷ್ಟಿಯಲ್ಲೇ ಇಟ್ಟುಕೊಂಡೆ.
ಮಾರ್ಚಿಗೆ ವ್ಯಾನು ಮತ್ತೆ ಬರುತ್ತದೆ.